ಇಂದ್ರಾಯುಧ (ಕಾದಂಬರಿಯ ಕುದುರೆ)

ಇಂದ್ರಾಯುಧ ಎಂಬುದು ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯ ‘ಕಾದಂಬರಿ’ಯಲ್ಲಿಯೂ, ಅದನ್ನು ಆಧರಿಸಿ ಒಂದನೆಯ ನಾಗವರ್ಮನು ಹಳಗನ್ನಡದಲ್ಲಿ ರಚಿಸಿದ ‘ಕರ್ಣಾಟಕ ಕಾದಂಬರಿ’ಯಲ್ಲಿಯೂ ಬರುವ ಕುದುರೆಯ ಹೆಸರು. ಇದು ಉಜ್ಜಯಿನಿಯ ಯುವರಾಜ ಚಂದ್ರಾಪೀಡನ ವಾಹನ. ಸಮುದ್ರದಿಂದ ಎದ್ದುಬಂದದ್ದೆಂದು ಹೇಳಲಾದ ಈ ಕುದುರೆ ವಾಸ್ತವವಾಗಿ ಶಾಪಗ್ರಸ್ತನಾದ ಕಪಿಂಜಲನೆಂಬ ಮುನಿಕುಮಾರನೆಂಬುದು ಕಥೆಯ ಕೊನೆಯ ಭಾಗದಲ್ಲಿ ತಿಳಿಯುತ್ತದೆ.

ಬಾಣನು ‘ಕಾದಂಬರಿ’ಯನ್ನು ಮುಗಿಸುವ ಮೊದಲೇ ತೀರಿಕೊಂಡನು. ಉಳಿದ ಭಾಗವನ್ನು ಅವನ ಮಗ ಭೂಷಣಭಟ್ಟನು ಬರೆದು ಪೂರ್ಣಗೊಳಿಸಿದನು. ಇಂದ್ರಾಯುಧವನ್ನು ಕಥೆಯೊಳಗೆ ತಂದವನು ತಂದೆ. ಅದು ಯಾರೆಂಬುದನ್ನು ಹೇಳಿದವನು ಮಗ. ಆದ್ದರಿಂದ ತಂದೆಯ ಮನಸ್ಸಿನಲ್ಲಿದ್ದ ಕಥೆಯನ್ನೇ ಮಗನು ಮುಂದುವರಿಸಿದನೇ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಈ ಪಾತ್ರವು ಮುಖ್ಯವಾದ ಆಧಾರವಾಗಿದೆ.

ಕೃತಿಯ ಹಿನ್ನೆಲೆ

ಬಾಣಭಟ್ಟನು ಏಳನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಹರ್ಷವರ್ಧನನ (ಆಳ್ವಿಕೆ ೬೦೬–೬೪೭) ಆಸ್ಥಾನದಲ್ಲಿದ್ದ ಕವಿ. ‘ಹರ್ಷಚರಿತ’ ಮತ್ತು ‘ಕಾದಂಬರಿ’ ಅವನ ಪ್ರಸಿದ್ಧ ಕೃತಿಗಳು. ಬಾಣನು ಬರೆದಷ್ಟು ಭಾಗಕ್ಕೆ ಪೂರ್ವಭಾಗವೆಂದೂ, ಮಗನು ಸೇರಿಸಿದ ಭಾಗಕ್ಕೆ ಉತ್ತರಭಾಗವೆಂದೂ ಹೆಸರು. ಮಗನ ಹೆಸರು ಭೂಷಣಭಟ್ಟನೆಂದು ಬಳಕೆಯಲ್ಲಿದೆ; ಪುಲಿಂದಭಟ್ಟನೆಂಬ ಹೆಸರೂ ಕಂಡುಬರುತ್ತದೆ.

ಪೂರ್ವಭಾಗವು ಕಥೆಯ ಒಂದು ಘಟ್ಟದಲ್ಲಿ ಮುಗಿಯುವುದಿಲ್ಲ, ಮಾತಿನ ನಡುವೆಯೇ ನಿಲ್ಲುತ್ತದೆ. ಗಂಧರ್ವ ರಾಜಕುಮಾರಿ ಕಾದಂಬರಿಯ ಬಳಿಯಿಂದ ಉಜ್ಜಯಿನಿಗೆ ಮರಳಿದ ಪತ್ರಲೇಖೆಯು ಅವಳ ವಿರಹದ ಸ್ಥಿತಿಯನ್ನು ಚಂದ್ರಾಪೀಡನಿಗೆ ವರದಿ ಮಾಡುತ್ತಿರುವಾಗ ಬಾಣನ ಬರಹ ನಿಂತಿದೆ. ಉತ್ತರಭಾಗವು ಆ ಸಂದರ್ಭದಿಂದಲೇ ಮುಂದುವರಿಯುತ್ತದೆ.

ಉತ್ತರಭಾಗದ ಆರಂಭದ ಪದ್ಯಗಳಲ್ಲಿ ಭೂಷಣಭಟ್ಟನು ತಾನು ಈ ಕೆಲಸಕ್ಕೆ ಕೈಹಾಕಿದ ಕಾರಣವನ್ನು ಹೇಳಿಕೊಂಡಿದ್ದಾನೆ. ತಂದೆಯು ಸ್ವರ್ಗಸ್ಥನಾದಾಗ ಅವನ ಮಾತಿನೊಂದಿಗೆ ಕಥೆಯ ಓಟವೂ ಕಡಿದುಹೋಯಿತೆಂದೂ, ಅದು ಅಪೂರ್ಣವಾಗಿ ಉಳಿದುದಕ್ಕೆ ಸಹೃದಯರು ಪಟ್ಟ ದುಃಖವನ್ನು ಕಂಡು ತಾನು ಬರೆಯಲು ತೊಡಗಿದೆನೇ ಹೊರತು ಕವಿತ್ವದ ಹೆಮ್ಮೆಯಿಂದಲ್ಲವೆಂದೂ ಅವನು ತಿಳಿಸುತ್ತಾನೆ. ಗಂಗೆಯನ್ನು ಸೇರಿದ ಸಣ್ಣ ನದಿಗಳೂ ಸಮುದ್ರವನ್ನು ಮುಟ್ಟುವಂತೆ ತನ್ನ ಮಾತನ್ನು ತಂದೆಯ ವಾಕ್ಪ್ರವಾಹದಲ್ಲಿ ಸೇರಿಸಿದ್ದೇನೆಂಬ ಹೋಲಿಕೆಯೂ, ತಂದೆಯು ಬಿತ್ತಿ ಬೆಳೆಸಿದ ಬೆಳೆಯನ್ನು ಮಗನು ಕೊಯ್ದು ತರುತ್ತಿದ್ದಾನೆಂಬ ಹೋಲಿಕೆಯೂ ಅಲ್ಲಿವೆ.

ಹೆಸರು ಮತ್ತು ರೂಪ

‘ಇಂದ್ರಾಯುಧ’ ಎಂದರೆ ಕಾಮನಬಿಲ್ಲು. ಬಾಣನ ವರ್ಣನೆಯಂತೆ ಕುದುರೆಯ ಮೈಮೇಲೆ ಕಪ್ಪು, ಹಳದಿ, ಹಸಿರು ಮತ್ತು ನಸುಗೆಂಪು ಬಣ್ಣದ ಗೆರೆಗಳಿದ್ದು ಅವು ಇಂದ್ರಧನುಸ್ಸನ್ನು ಹೋಲುತ್ತವೆ. ಕೈಯನ್ನು ಮೇಲಕ್ಕೆ ಚಾಚಿದ ಮನುಷ್ಯನಿಗೆ ಮಾತ್ರ ಬೆನ್ನು ಎಟಕುವಷ್ಟು ಅದು ಎತ್ತರವಾಗಿದೆ. ಚಿನ್ನದ ಕಡಿವಾಣದ ಬಳೆಗಳನ್ನು ಎರಡೂ ಕಡೆಗಳಿಂದ ಹಿಡಿದ ಇಬ್ಬರು ಆಳುಗಳು ಹೆಜ್ಜೆಹೆಜ್ಜೆಗೂ ಜಗ್ಗಿ ತಡೆಯುತ್ತ ಅದನ್ನು ಕರೆತರುತ್ತಾರೆ. ಎದುರಿಗೆ ಬರುವ ಆಕಾಶವನ್ನೆಲ್ಲ ಕುಡಿದುಬಿಡುವಂತೆ ಅದು ಮುನ್ನುಗ್ಗುತ್ತದೆ.

ಪೂರ್ವಭಾಗದಲ್ಲಿ ಇಂದ್ರಾಯುಧ

ಆಗಮನ

ಚಂದ್ರಾಪೀಡನು ಆರನೆಯ ವಯಸ್ಸಿನಲ್ಲಿ ನಗರದ ಹೊರಗೆ ಶಿಪ್ರಾ ನದಿಯ ಬಳಿ ಕಟ್ಟಿಸಿದ ವಿದ್ಯಾಮಂದಿರವನ್ನು ಸೇರಿ ಹದಿನಾರನೆಯ ವಯಸ್ಸಿನವರೆಗೆ ಅಲ್ಲಿಯೇ ಕಲಿಯುತ್ತಾನೆ. ವಿದ್ಯಾಭ್ಯಾಸ ಮುಗಿದಾಗ ತಂದೆಯಾದ ತಾರಾಪೀಡ ಮಹಾರಾಜನು ಸೇನಾಪತಿ ಬಲಾಹಕನ ಮೂಲಕ ಇಂದ್ರಾಯುಧವನ್ನು ಕಳುಹಿಸುತ್ತಾನೆ. ಇದು ಪಾರಸೀಕ ದೇಶದ ದೊರೆಯು ಕೊಟ್ಟ ಕಾಣಿಕೆ. ಯಾವ ಗರ್ಭದಲ್ಲಿಯೂ ಹುಟ್ಟದೆ ಸಮುದ್ರದ ನೀರಿನಿಂದ ಮೇಲೆದ್ದ ಅಶ್ವರತ್ನವೆಂಬ ವಿವರವನ್ನೂ ಬಲಾಹಕನು ತಿಳಿಸುತ್ತಾನೆ.

ಕುದುರೆಯನ್ನು ಕಂಡ ಚಂದ್ರಾಪೀಡನಿಗೆ ಇದು ಸಾಮಾನ್ಯ ಪ್ರಾಣಿಯಲ್ಲ, ಶಾಪದಿಂದ ಈ ರೂಪವನ್ನು ಪಡೆದ ಯಾವುದೋ ದಿವ್ಯಜೀವಿಯಿರಬೇಕೆಂಬ ಅನುಮಾನ ಮೂಡುತ್ತದೆ. ಸ್ಥೂಲಶಿರಸನೆಂಬ ಮುನಿಯ ಶಾಪದಿಂದ ಅಪ್ಸರೆ ರಂಭೆಯು ಹೆಣ್ಣುಕುದುರೆಯಾಗಿ ಮೃತ್ತಿಕಾವತಿಯ ದೊರೆ ಶತಧನ್ವನ ಬಳಿ ಬಹುಕಾಲ ಇದ್ದ ಕಥೆಯನ್ನು ಅವನು ನೆನೆಯುತ್ತಾನೆ. ಏರುವ ಮೊದಲು ಮನಸ್ಸಿನಲ್ಲಿಯೇ ಕುದುರೆಗೆ ವಂದಿಸಿ, ನೀನು ಯಾರೇ ಆಗಿರು, ಬೆನ್ನೇರುವ ನನ್ನ ಅಪರಾಧವನ್ನು ಕ್ಷಮಿಸು ಎಂದು ಬೇಡಿಕೊಳ್ಳುತ್ತಾನೆ.

ಕಿನ್ನರ ಜೋಡಿಯ ಬೆನ್ನಟ್ಟುವಿಕೆ

ದಿಗ್ವಿಜಯಕ್ಕೆ ಹೊರಟ ಚಂದ್ರಾಪೀಡನು ಮೂರು ವರ್ಷಗಳ ಬಳಿಕ ಕೈಲಾಸ ಪರ್ವತದ ಸಮೀಪದ ಸುವರ್ಣಪುರದಲ್ಲಿ ಬೀಡುಬಿಟ್ಟಿರುತ್ತಾನೆ. ಒಂದು ದಿನ ಬೇಟೆಗೆ ಹೊರಟವನು ಕಿನ್ನರರ ಜೋಡಿಯೊಂದನ್ನು ಕಂಡು, ಹಿಡಿಯುವ ಕುತೂಹಲದಿಂದ ಇಂದ್ರಾಯುಧದ ಮೇಲೆ ಒಬ್ಬನೇ ಬೆನ್ನಟ್ಟುತ್ತಾನೆ. ಕುದುರೆಯ ವೇಗಕ್ಕೆ ಪರಿವಾರವು ಬಹಳ ಹಿಂದೆ ಉಳಿಯುತ್ತದೆ. ಕಿನ್ನರರು ಬೆಟ್ಟವನ್ನೇರಿ ಕಣ್ಮರೆಯಾಗುತ್ತಾರೆ. ದಾರಿ ತಪ್ಪಿದ ಯುವರಾಜನು ನೀರನ್ನು ಹುಡುಕುತ್ತ ಅಚ್ಛೋದ ಸರೋವರವನ್ನು ತಲುಪುತ್ತಾನೆ.

ಇಲ್ಲಿ ಬಾಣನು ಕುದುರೆಯ ಉಪಚಾರವನ್ನು ವಿವರವಾಗಿ ಬರೆದಿದ್ದಾನೆ. ಚಂದ್ರಾಪೀಡನು ಜೀನನ್ನು ಇಳಿಸುತ್ತಾನೆ. ಕುದುರೆಯು ನೆಲದ ಮೇಲೆ ಹೊರಳಿ ಏಳುತ್ತದೆ, ನಾಲ್ಕು ಬಾಯಿ ಹುಲ್ಲು ತಿನ್ನುತ್ತದೆ. ಅನಂತರ ಅವನು ಅದನ್ನು ಸರೋವರಕ್ಕೆ ಇಳಿಸಿ ನೀರು ಕುಡಿಸಿ, ಮೀಯಿಸಿ, ಕಡಿವಾಣವನ್ನು ತೆಗೆದು ಮರದ ಬುಡದಲ್ಲಿ ಕಟ್ಟುತ್ತಾನೆ. ದಡದ ಎಳೆಗರಿಕೆಯನ್ನು ತನ್ನ ಚೂರಿಯಿಂದಲೇ ಕೊಯ್ದು ಮುಂದೆ ಹಾಕುತ್ತಾನೆ.

ಅವನು ವಿಶ್ರಮಿಸುತ್ತಿರುವಾಗ ವೀಣೆಯ ನಾದದೊಡನೆ ಬೆರೆತ ಹಾಡೊಂದು ಕೇಳಿಬರುತ್ತದೆ. ಅದನ್ನು ಮೊದಲು ಕೇಳಿಸಿಕೊಳ್ಳುವುದು ಇಂದ್ರಾಯುಧ. ಬಾಯಲ್ಲಿದ್ದ ಹುಲ್ಲನ್ನು ಬಿಟ್ಟು, ಕಿವಿಗಳನ್ನು ನಿಶ್ಚಲವಾಗಿ ನಿಲ್ಲಿಸಿ, ಕತ್ತೆತ್ತಿ ಅದು ಹಾಡು ಬರುವ ದಿಕ್ಕಿಗೆ ಮುಖ ಮಾಡುತ್ತದೆ. ಹಾಡುತ್ತಿದ್ದವಳು ಶಿವಾಲಯದಲ್ಲಿ ತಪಸ್ವಿನಿಯಾಗಿದ್ದ ಗಂಧರ್ವಕನ್ಯೆ ಮಹಾಶ್ವೇತೆ.

ಕಪಿಂಜಲನ ಕಣ್ಮರೆ

ಮಹಾಶ್ವೇತೆಯು ಚಂದ್ರಾಪೀಡನಿಗೆ ತನ್ನ ಪೂರ್ವವೃತ್ತಾಂತವನ್ನು ಹೇಳುತ್ತಾಳೆ. ಶ್ವೇತಕೇತು ಮುನಿಗೂ ಲಕ್ಷ್ಮಿಗೂ ಮಗನಾದ ಪುಂಡರೀಕನು ಅವಳನ್ನು ಪ್ರೀತಿಸಿ, ಅವಳು ಬಂದು ಸೇರುವ ಮೊದಲೇ ವಿರಹದಿಂದ ಪ್ರಾಣಬಿಡುತ್ತಾನೆ. ಚಂದ್ರಮಂಡಲದಿಂದ ಇಳಿದುಬಂದ ದಿವ್ಯಪುರುಷನೊಬ್ಬನು ಪುಂಡರೀಕನ ದೇಹವನ್ನು ಎತ್ತಿಕೊಂಡು ಹೋಗುತ್ತಾನೆ. ಪುಂಡರೀಕನ ಗೆಳೆಯ ಕಪಿಂಜಲನು ಉಟ್ಟ ನಾರುಡೆಯನ್ನು ಬಿಗಿದು, ಗೆಳೆಯನನ್ನು ಎಲ್ಲಿಗೆ ಒಯ್ಯುತ್ತಿರುವೆಯೆಂದು ಕೂಗುತ್ತ ಅವನ ಬೆನ್ನುಹತ್ತಿ ಆಕಾಶಕ್ಕೆ ಏರುತ್ತಾನೆ. ಕಪಿಂಜಲನು ಮುಂದೆ ಏನಾದನೆಂಬುದು ಪೂರ್ವಭಾಗದಲ್ಲಿ ಬರುವುದಿಲ್ಲ. ಬಾಣನ ಬರಹ ನಿಂತಾಗ ಆಕಾಶಕ್ಕೆ ಏರಿದ ಮುನಿಕುಮಾರನೂ ಸಮುದ್ರದಿಂದ ಎದ್ದ ಕುದುರೆಯೂ ಪರಸ್ಪರ ಸಂಬಂಧವಿಲ್ಲದ ಎರಡು ಪಾತ್ರಗಳಾಗಿಯೇ ಉಳಿದಿರುತ್ತವೆ.

ಉತ್ತರಭಾಗದಲ್ಲಿ ಇಂದ್ರಾಯುಧ

ಉತ್ತರಭಾಗದಲ್ಲಿ ಚಂದ್ರಾಪೀಡನ ಗೆಳೆಯನೂ ಮಂತ್ರಿ ಶುಕನಾಸನ ಮಗನೂ ಆದ ವೈಶಂಪಾಯನನು ಅಚ್ಛೋದದ ಬಳಿಯೇ ಉಳಿದು ಮಹಾಶ್ವೇತೆಯಲ್ಲಿ ಮೋಹಗೊಳ್ಳುತ್ತಾನೆ. ಅವನ ಮಾತಿನಿಂದ ಕೆರಳಿದ ಅವಳು ಗಿಳಿಯಾಗೆಂದು ಶಪಿಸುತ್ತಾಳೆ. ಅವನು ಅಲ್ಲಿಯೇ ಸಾಯುತ್ತಾನೆ. ಗೆಳೆಯನನ್ನು ಹುಡುಕಿಕೊಂಡು ಬಂದ ಚಂದ್ರಾಪೀಡನು ಈ ಸುದ್ದಿಯನ್ನು ಕೇಳಿ ಎದೆಯೊಡೆದು ಪ್ರಾಣಬಿಡುತ್ತಾನೆ. ಅವನನ್ನು ಕಾಣಲು ಬಂದ ಕಾದಂಬರಿಯು ಸಾಯಲು ನಿಶ್ಚಯಿಸಿದಾಗ, ದೇಹವನ್ನು ಕಾಪಾಡಿಕೊಂಡಿರಬೇಕೆಂದು ಅಶರೀರವಾಣಿಯು ಆದೇಶಿಸುತ್ತದೆ.

ಆಗ ಪತ್ರಲೇಖೆಯು ಕುದುರೆಯಾಳಿನ ಕೈಯಿಂದ ಇಂದ್ರಾಯುಧವನ್ನು ಸೆಳೆದುಕೊಳ್ಳುತ್ತಾಳೆ. ಒಡೆಯನು ಹೊರಟುಹೋದ ಮೇಲೆ ನೀನು ಇಲ್ಲಿ ಉಳಿಯುವುದು ತರವಲ್ಲವೆಂದು ಹೇಳಿ, ಕುದುರೆಯೊಡನೆ ಅಚ್ಛೋದ ಸರೋವರಕ್ಕೆ ಧುಮುಕುತ್ತಾಳೆ. ಅವರಿಬ್ಬರೂ ಮುಳುಗಿದ ಜಾಗದಿಂದ, ಜಡೆಯಿಂದ ನೀರು ಸೋರುತ್ತಿರುವ ಮುನಿಕುಮಾರನೊಬ್ಬನು ಮೇಲೇಳುತ್ತಾನೆ. ಅವನೇ ಕಪಿಂಜಲ.

ಕಪಿಂಜಲನು ಮಹಾಶ್ವೇತೆಗೆ ಹೇಳುವ ವೃತ್ತಾಂತದ ಸಾರ ಹೀಗಿದೆ:

• ಪುಂಡರೀಕನ ದೇಹವನ್ನು ಒಯ್ದವನು ಚಂದ್ರನೇ. ಸಾಯುವ ಮುನ್ನ ಪುಂಡರೀಕನು ಚಂದ್ರನಿಗೆ ಶಾಪವಿತ್ತನು, ಚಂದ್ರನು ಪ್ರತಿಶಾಪವಿತ್ತನು. ಇದರಿಂದ ಇಬ್ಬರೂ ಭೂಮಿಯಲ್ಲಿ ಹುಟ್ಟಬೇಕಾಯಿತು.

• ಈ ಸಂಗತಿಯನ್ನು ಶ್ವೇತಕೇತುವಿಗೆ ತಿಳಿಸಲು ಶೋಕದಿಂದ ಕುರುಡನಂತೆ ಧಾವಿಸುತ್ತಿದ್ದ ಕಪಿಂಜಲನು ಆಕಾಶಮಾರ್ಗದಲ್ಲಿ ವಿಮಾನದಲ್ಲಿದ್ದ ದಿವ್ಯನೊಬ್ಬನನ್ನು ದಾಟಿಹೋದನು. ಕಡಿವಾಣವಿಲ್ಲದ ಕುದುರೆಯಂತೆ ನನ್ನನ್ನು ದಾಟಿದ ನೀನು ಕುದುರೆಯೇ ಆಗೆಂದು ಆತನು ಶಪಿಸಿದನು.

• ಕಪಿಂಜಲನು ಬೇಡಿಕೊಂಡಾಗ, ನೀನು ಯಾರ ವಾಹನವಾಗುವೆಯೋ ಅವನು ತೀರಿಕೊಂಡ ಮೇಲೆ ಸ್ನಾನಮಾಡಿದರೆ ನಿನಗೆ ವಿಮೋಚನೆ ಎಂದು ಆತನು ಶಾಪಕ್ಕೆ ಮಿತಿ ಹಾಕಿದನು. ಚಂದ್ರನು ತಾರಾಪೀಡನ ಮಗನಾಗಿಯೂ ಪುಂಡರೀಕನು ಶುಕನಾಸನ ಮಗನಾಗಿಯೂ ಹುಟ್ಟುವರೆಂದೂ, ಅವನು ಚಂದ್ರಾವತಾರನಾದ ರಾಜಕುಮಾರನ ವಾಹನವಾಗಿ ಗೆಳೆಯನ ಹತ್ತಿರವೇ ಇರುವನೆಂದೂ ತಿಳಿಸಿದನು. ಅನಂತರ ಕಪಿಂಜಲನು ಮಹಾಸಮುದ್ರದಲ್ಲಿ ಬಿದ್ದು ಕುದುರೆಯಾಗಿ ಮೇಲೆದ್ದನು.

• ಕುದುರೆಯಾಗಿದ್ದಾಗಲೂ ಅವನಿಗೆ ಹಿಂದಿನ ನೆನಪು ಅಳಿದಿರಲಿಲ್ಲ. ಆದುದರಿಂದಲೇ ಕಿನ್ನರ ಜೋಡಿಯನ್ನು ಬೆನ್ನಟ್ಟಿದ ಚಂದ್ರಾಪೀಡನನ್ನು ಉದ್ದೇಶಪೂರ್ವಕವಾಗಿ ಅಚ್ಛೋದದ ನೆಲಕ್ಕೆ ಕರೆತಂದನು.

ಮಹಾಶ್ವೇತೆಯು ಶಪಿಸಿ ಕೊಂದ ವೈಶಂಪಾಯನನೇ ಅವಳು ಕಾಯುತ್ತಿದ್ದ ಪುಂಡರೀಕನೆಂಬುದೂ ಆಗಲೇ ತಿಳಿಯುತ್ತದೆ. ಇದನ್ನೆಲ್ಲ ತಿಳಿಸಿದ ಕಪಿಂಜಲನು ಶ್ವೇತಕೇತುವಿನ ಬಳಿಗೆ ತೆರಳುತ್ತಾನೆ. ಮುಂದೆ, ಗಿಳಿಯಾಗಿ ಹುಟ್ಟಿದ ಗೆಳೆಯನನ್ನು ಜಾಬಾಲಿ ಮುನಿಯ ಆಶ್ರಮದಲ್ಲಿ ಕಂಡು ತಂದೆಯ ಸಂದೇಶವನ್ನು ಮುಟ್ಟಿಸುವವನೂ ಅವನೇ. ಪತ್ರಲೇಖೆಯು ಚಂದ್ರನ ಪತ್ನಿ ರೋಹಿಣಿಯೆಂಬುದು ಕೃತಿಯ ಕೊನೆಯಲ್ಲಿ ತಿಳಿಯುತ್ತದೆ.

ಇಬ್ಬರು ಕರ್ತೃಗಳ ಪ್ರಶ್ನೆ

ಮೂಲಕಥೆಯ ನೆರವು

‘ಕಾದಂಬರಿ’ಯ ಕಥೆಯ ಎಳೆಯು ಗುಣಾಢ್ಯನ ‘ಬೃಹತ್ಕಥೆ’ಯ ಪರಂಪರೆಗೆ ಸೇರಿದುದು. ಆ ಪರಂಪರೆಯನ್ನು ಆಧರಿಸಿ ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಸುಮನಸ್ ಎಂಬ ದೊರೆಯ ಕಥೆಯಾಗಿ ಇದು ದೊರೆಯುತ್ತದೆ. ಅಲ್ಲಿ ಚಂದ್ರಾಪೀಡನ ಸ್ಥಾನದಲ್ಲಿ ಸೋಮಪ್ರಭ, ಕಾದಂಬರಿಯ ಸ್ಥಾನದಲ್ಲಿ ಮಕರಂದಿಕೆ, ಮಹಾಶ್ವೇತೆಯ ಸ್ಥಾನದಲ್ಲಿ ಮನೋರಥಪ್ರಭೆ ಇದ್ದಾರೆ. ಗಿಳಿಯು ಹೇಳುವ ಕಥೆ, ಕಿನ್ನರನ ಬೆನ್ನಟ್ಟುವಿಕೆ, ಸರೋವರ, ಹಾಡು, ಮರುಹುಟ್ಟು ಇವೆಲ್ಲ ಅಲ್ಲಿಯೂ ಇವೆ. ಹೀಗಾಗಿ ಕಥೆಯು ಸ್ಥೂಲವಾಗಿ ಎತ್ತ ಸಾಗಬೇಕೆಂಬುದನ್ನು ಭೂಷಣಭಟ್ಟನು ತಂದೆಯಿಂದ ಕೇಳದೆಯೂ ತಿಳಿದಿರಲು ಸಾಧ್ಯವಿತ್ತು.

ಆದರೆ ಕುದುರೆಯ ವಿಷಯ ಹಾಗಲ್ಲ. ಸೋಮಪ್ರಭನ ಕುದುರೆ ಆಶುಶ್ರವಸ್ ಇಂದ್ರನು ಕಳುಹಿಸಿದ, ಉಚ್ಚೈಃಶ್ರವಸ್ಸಿನ ವಂಶದ ದಿವ್ಯಾಶ್ವ ಮಾತ್ರ. ಅದು ಶಾಪಗ್ರಸ್ತ ಗೆಳೆಯನಲ್ಲ. ಸಮುದ್ರದಿಂದ ಎದ್ದ, ಶಾಪದ ಅನುಮಾನವನ್ನು ಹುಟ್ಟಿಸುವ ಕುದುರೆಯು ‘ಕಾದಂಬರಿ’ಯ ಹೊಸ ಕಲ್ಪನೆ. ಈ ಪಾತ್ರದ ಮಟ್ಟಿಗೆ ಮಗನಿಗೆ ಮಾರ್ಗದರ್ಶಕವಾಗಿದ್ದುದು ತಂದೆಯ ಬರಹವೇ.

ಪೂರ್ವಭಾಗದ ಸೂಚನೆಗಳು

ಉತ್ತರಭಾಗವನ್ನು ಓದಿದ ಮೇಲೆ ಪೂರ್ವಭಾಗಕ್ಕೆ ಮರಳಿದರೆ ನಾಲ್ಕು ಸೂಚನೆಗಳು ಸ್ಪಷ್ಟವಾಗಿ ಕಾಣುತ್ತವೆ.

೧. ಚಂದ್ರಾಪೀಡನು ರಂಭೆಯ ಶಾಪವನ್ನು ನೆನೆದು ಕುದುರೆಗೆ ಕ್ಷಮೆ ಕೇಳುವ ಪ್ರಸಂಗ. ಕುದುರೆಯು ಕುದುರೆ ಮಾತ್ರವೇ ಆಗಿದ್ದರೆ ಈ ಪ್ರಸಂಗವು ಕಥೆಯಲ್ಲಿ ಫಲಿಸುವುದೇ ಇಲ್ಲ.

೨. ಕುದುರೆಯು ಅಯೋನಿಜವೆಂಬ, ನೀರಿನಿಂದ ಹುಟ್ಟಿತೆಂಬ ವಿವರ. ನೀರಿನಿಂದ ಬಂದ ರೂಪವು ನೀರಿನಲ್ಲಿಯೇ ಕಳೆಯುತ್ತದೆ.

೩. ಮಹಾಶ್ವೇತೆಯ ಹಾಡನ್ನು ಕುದುರೆಯು ಮೊದಲು ಕೇಳಿಸಿಕೊಳ್ಳುವುದು. ಮೊದಲ ಓದಿನಲ್ಲಿ ಇದು ಪ್ರಾಣಿಯ ಚುರುಕು ಕಿವಿಯ ವರ್ಣನೆ. ಎರಡನೆಯ ಓದಿನಲ್ಲಿ ಗೆಳೆಯನು ಪ್ರೀತಿಸಿದವಳ ದನಿಯು ಕಪಿಂಜಲನನ್ನು ತಲುಪಿದ ಕ್ಷಣ.

೪. ಆಕಾಶಕ್ಕೆ ಏರಿದ ಕಪಿಂಜಲನನ್ನು ಬಾಣನು ಹಿಂದಕ್ಕೆ ಕರೆತರದೆ ಬಿಟ್ಟಿರುವುದು.

ಇವುಗಳಲ್ಲಿ ಮೊದಲನೆಯದು ಕುದುರೆಯು ಶಾಪಗ್ರಸ್ತವೆಂಬ ಯೋಜನೆ ಬಾಣನದೇ ಎಂಬುದಕ್ಕೆ ಬಲವಾದ ಆಧಾರ. ಆ ಶಾಪಗ್ರಸ್ತನು ಕಪಿಂಜಲನೇ ಎಂಬ ನಿರ್ಧಾರಕ್ಕೆ ಉಳಿದ ಸೂಚನೆಗಳು ಹೊಂದಿಕೊಳ್ಳುತ್ತವೆ. ಆದರೆ ಅದನ್ನು ಮಾತಿನಲ್ಲಿ ಹೇಳಿರುವುದು ಉತ್ತರಭಾಗ ಮಾತ್ರ.

ಮೊದಲ ಭೇಟಿಯಲ್ಲಿ ಕುದುರೆಯು ಇದೇ ಅಚ್ಛೋದದಲ್ಲಿ ಮಿಂದರೂ ಶಾಪ ಕಳೆದಿರಲಿಲ್ಲವೆಂಬುದು ಗಮನಾರ್ಹ. ಒಡೆಯನ ಮರಣದ ಬಳಿಕದ ಸ್ನಾನವೇ ವಿಮೋಚನೆಗೆ ಕಾರಣವೆಂಬ ನಿಬಂಧನೆಯಿಂದ ಎರಡು ಭಾಗಗಳ ಈ ಎರಡು ಸ್ನಾನಗಳು ಪರಸ್ಪರ ವಿರೋಧವಿಲ್ಲದೆ ನಿಲ್ಲುತ್ತವೆ. ಮುಂದುವರಿಸಿದವನು ತಂದೆಯ ಪಠ್ಯಕ್ಕೆ ತೊಡಕಾಗದಂತೆ ಕಥೆಯನ್ನು ಹೆಣೆದಿರುವುದಕ್ಕೆ ಇದು ನಿದರ್ಶನ.

ಶೈಲಿಯ ವ್ಯತ್ಯಾಸ

ಉತ್ತರಭಾಗದಲ್ಲಿ ಕಥೆಯು ವೇಗವಾಗಿ ಸಾಗುತ್ತದೆ. ಇಂದ್ರಾಯುಧದ ಆಗಮನಕ್ಕೆ ಬಾಣನು ಉಪಮೆಗಳ ಸಾಲುಗಳನ್ನೇ ಮೀಸಲಿಟ್ಟಿದ್ದರೆ, ಅದರ ವಿಮೋಚನೆಯನ್ನು ಮಗನು ಕೆಲವೇ ವಾಕ್ಯಗಳಲ್ಲಿ ನಡೆಸಿ ಕಪಿಂಜಲನ ಮಾತಿಗೆ ಹೆಚ್ಚಿನ ಜಾಗವನ್ನು ಕೊಟ್ಟಿದ್ದಾನೆ. ಎರಡು ಭಾಗಗಳ ಮನ್ನಣೆಯಲ್ಲಿಯೂ ಅಂತರವಿದೆ. ಸಿ. ಎಂ. ರಿಡಿಂಗ್ ಅವರ ೧೮೯೬ರ ಇಂಗ್ಲಿಷ್ ಆವೃತ್ತಿಯಲ್ಲಿ ಬಾಣನ ಭಾಗವು ಕೆಲವು ಲೋಪಗಳೊಡನೆ ಅನುವಾದಗೊಂಡಿದೆ. ಮಗನ ಭಾಗವನ್ನು ಸಾರಾಂಶವಾಗಿ ಕೊಡಲಾಗಿದೆ. ಕಥೆಯ ಬಹುತೇಕ ಗುಟ್ಟುಗಳು ಬಿಚ್ಚಿಕೊಳ್ಳುವುದು ಹೀಗೆ ಸಂಕ್ಷೇಪಕ್ಕೆ ಒಳಗಾದ ಭಾಗದಲ್ಲಿಯೇ.

ಕನ್ನಡದಲ್ಲಿ

ನಾಗವರ್ಮನ ‘ಕರ್ಣಾಟಕ ಕಾದಂಬರಿ’

ಹತ್ತನೆಯ ಶತಮಾನದ ಕೊನೆಯ ಭಾಗದವನೆಂದು ಸಾಮಾನ್ಯವಾಗಿ ಎಣಿಸಲಾಗುವ ಒಂದನೆಯ ನಾಗವರ್ಮನು ‘ಛಂದೋಂಬುಧಿ’ಯ ಕರ್ತೃವೆಂದೂ ಪ್ರಸಿದ್ಧನು. ಅವನು ಬಾಣನ ಗದ್ಯವನ್ನು ಗದ್ಯಪದ್ಯಮಿಶ್ರಿತವಾದ ಚಂಪೂ ರೂಪಕ್ಕೆ ತಂದನು. ಮೂಲದ ಪಾತ್ರಗಳ ಹೆಸರುಗಳನ್ನೂ ಘಟನೆಗಳ ಕ್ರಮವನ್ನೂ ಉಳಿಸಿಕೊಂಡು, ದೀರ್ಘವಾದ ವರ್ಣನೆಗಳನ್ನು ಸಂಗ್ರಹಿಸಿ, ಸ್ವತಂತ್ರ ಕಾವ್ಯದಂತೆ ಓದಿಸಿಕೊಳ್ಳುವ ಕೃತಿಯನ್ನು ರಚಿಸಿದನೆಂದು ಸಾಹಿತ್ಯ ಚರಿತ್ರಕಾರರು ಅವನನ್ನು ಮೆಚ್ಚಿದ್ದಾರೆ. ಅವನ ಕವಿತ್ವಕ್ಕೆ ಮೆಚ್ಚಿ ಭೋಜರಾಜನು ಕುದುರೆಗಳನ್ನು ಬಹುಮಾನವಾಗಿ ಕೊಟ್ಟನೆಂಬ ಉಲ್ಲೇಖವೂ ಸಾಹಿತ್ಯ ಚರಿತ್ರೆಗಳಲ್ಲಿದೆ.

ನಾಗವರ್ಮನು ತಂದೆ ಮತ್ತು ಮಗ ಇಬ್ಬರ ಭಾಗಗಳನ್ನೂ ಕನ್ನಡಕ್ಕೆ ತಂದಿದ್ದಾನೆ. ಸಂಸ್ಕೃತದ ಓದುಗನಿಗೆ ಇಂದ್ರಾಯುಧದ ಕಥೆಯು ಇಬ್ಬರ ಶೈಲಿಗಳಲ್ಲಿ, ನಡುವೆ ಒಂದು ಮರಣದ ಸುದ್ದಿಯೊಡನೆ ದೊರೆಯುತ್ತದೆ. ಹಳಗನ್ನಡದ ಓದುಗನಿಗೆ ಅದೇ ಕಥೆಯು ಒಬ್ಬನೇ ಕವಿಯ ದನಿಯಲ್ಲಿ ದೊರೆಯುತ್ತದೆ. ಹೀಗೆ ಕುದುರೆಯ ಆಗಮನ ಮತ್ತು ವಿಮೋಚನೆಗಳೆರಡೂ ಒಂದೇ ಕೈಯ ಬರಹವಾಗಿರುವುದು ಕನ್ನಡ ಕೃತಿಯ ವೈಶಿಷ್ಟ್ಯ.

ಆಧುನಿಕ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೀರ್ಘ ಗದ್ಯಕಥನದ ಪ್ರಕಾರಕ್ಕೆ ‘ಕಾದಂಬರಿ’ ಎಂಬ ಹೆಸರು ಬಂದುದು ಬಾಣನ ಈ ಕೃತಿಯಿಂದಲೇ. ಮಕ್ಕಳ ಓದಿಗೆ ‘ಅಮರ ಚಿತ್ರ ಕಥೆ’ ಮಾಲಿಕೆಯಲ್ಲಿ ಈ ಕಥೆಯು ಚಿತ್ರರೂಪದಲ್ಲಿಯೂ ಬಂದಿದೆ.

ಕರ್ನಾಟಕದ ಇತರ ಮುಂದುವರಿಕೆಗಳು

ಒಬ್ಬರು ಆರಂಭಿಸಿದ ಕೃತಿಯನ್ನು ಮತ್ತೊಬ್ಬರು ಪೂರ್ಣಗೊಳಿಸುವ ಪದ್ಧತಿಗೆ ಕರ್ನಾಟಕದಲ್ಲಿ ಬೇರೆ ಉದಾಹರಣೆಗಳೂ ಇವೆ. ರಾಷ್ಟ್ರಕೂಟರ ಕಾಲದಲ್ಲಿ ಜಿನಸೇನಾಚಾರ್ಯರು ಅಪೂರ್ಣವಾಗಿ ಬಿಟ್ಟ ಸಂಸ್ಕೃತ ‘ಮಹಾಪುರಾಣ’ವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಮುಗಿಸಿದರು. ಕುಮಾರವ್ಯಾಸನು ಮಹಾಭಾರತದ ಹತ್ತು ಪರ್ವಗಳವರೆಗೆ ರಚಿಸಿದ ಭಾರತಕಥೆಯ ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ (ಆಳ್ವಿಕೆ ೧೫೦೯–೧೫೨೯) ಆಶ್ರಯದಲ್ಲಿ ತಿಮ್ಮಣ್ಣ ಕವಿಯು ಬರೆದನು. ಈ ಎರಡೂ ಸಂದರ್ಭಗಳಲ್ಲಿ ಕಥೆಯು ಮೊದಲೇ ಎಲ್ಲರಿಗೂ ತಿಳಿದಿದ್ದ ಪುರಾಣೇತಿಹಾಸ. ಹೊಸದಾಗಿ ಕಲ್ಪಿಸಿದ ಪಾತ್ರದ ಗುಟ್ಟನ್ನು ಮುಂದುವರಿಸಿದವನು ಬಿಡಿಸಬೇಕಾದ ಸನ್ನಿವೇಶವು ಅವುಗಳಲ್ಲಿಲ್ಲ. ‘ಕಾದಂಬರಿ’ಯು ಅವುಗಳಿಂದ ಭಿನ್ನವಾಗುವುದು ಇಲ್ಲಿಯೇ.

ಆಧುನಿಕ ಮಕ್ಕಳ ಸಾಹಿತ್ಯದಲ್ಲಿ ಹೋಲಿಕೆ

ಕುದುರೆಯ ಕಥೆಯನ್ನು ತಂದೆಯ ಬಳಿಕ ಮಗನು ಮುಂದುವರಿಸಿದ ಆಧುನಿಕ ಉದಾಹರಣೆಯೊಂದು ಅಮೆರಿಕದ ಮಕ್ಕಳ ಸಾಹಿತ್ಯದಲ್ಲಿದೆ. ವಾಲ್ಟರ್ ಫಾರ್ಲಿ (೧೯೧೫–೧೯೮೯) ಅವರ ‘ದಿ ಬ್ಲ್ಯಾಕ್ ಸ್ಟ್ಯಾಲಿಯನ್’ ೧೯೪೧ರಲ್ಲಿ ಪ್ರಕಟವಾಗಿ, ಮುಂದೆ ದೀರ್ಘ ಮಾಲಿಕೆಯಾಗಿ ಬೆಳೆಯಿತು. ೧೯೭೯ರಲ್ಲಿ ಚಲನಚಿತ್ರವೂ ಆಯಿತು. ಭಾರತದಿಂದ ಹಡಗಿನಲ್ಲಿ ಮರಳುತ್ತಿದ್ದ ಅಲೆಕ್ ರಾಮ್ಸೆ ಎಂಬ ಹುಡುಗನೂ ಪಳಗದ ಕಪ್ಪು ಗಂಡುಕುದುರೆಯೂ ಹಡಗು ಒಡೆದ ಮೇಲೆ ಜನವಸತಿಯಿಲ್ಲದ ದ್ವೀಪವನ್ನು ಸೇರಿ ಸ್ನೇಹಿತರಾಗುವುದು ಮೊದಲ ಪುಸ್ತಕದ ವಸ್ತು. ೧೯೮೯ರ ‘ದಿ ಯಂಗ್ ಬ್ಲ್ಯಾಕ್ ಸ್ಟ್ಯಾಲಿಯನ್’ ಪುಸ್ತಕವನ್ನು ಫಾರ್ಲಿ ಮಗ ಸ್ಟೀವನ್ ಫಾರ್ಲಿ ಅವರೊಡನೆ ಬರೆದರು. ತಂದೆಯ ನಿಧನದ ಬಳಿಕ ಸ್ಟೀವನ್ ಅವರು ೧೯೯೬ರ ‘ದಿ ಬ್ಲ್ಯಾಕ್ ಸ್ಟ್ಯಾಲಿಯನ್ಸ್ ಶ್ಯಾಡೋ’ ಮೊದಲಾದ ಪುಸ್ತಕಗಳಿಂದ ಮಾಲಿಕೆಯನ್ನು ಮುಂದುವರಿಸಿದರು. ಜೊಯಾನಾ ಕ್ಯಾಂಪ್‌ಬೆಲ್ ಅವರು ೧೯೯೧ರಲ್ಲಿ ಆರಂಭಿಸಿದ ‘ಥರೋಬ್ರೆಡ್’ ಎಂಬ ಪಂದ್ಯದ ಕುದುರೆಗಳ ಮಾಲಿಕೆಯ ನಂತರದ ಪುಸ್ತಕಗಳನ್ನೂ ಬೇರೆ ಲೇಖಕರು ಬರೆದಿದ್ದಾರೆ.

ಈ ಮಾಲಿಕೆಗಳಲ್ಲಿ ಪ್ರತಿಯೊಂದು ಪುಸ್ತಕವೂ ತನ್ನಷ್ಟಕ್ಕೆ ಮುಗಿಯುತ್ತದೆ. ಮುಂದುವರಿಸುವ ಲೇಖಕನು ಹೊಸ ಸಾಹಸವನ್ನು ಸೇರಿಸುತ್ತಾನೆ. ಹಳೆಯ ಪುಸ್ತಕಗಳ ಓದು ಅದರಿಂದ ಅಷ್ಟಾಗಿ ಬದಲಾಗುವುದಿಲ್ಲ. ‘ಕಾದಂಬರಿ’ಯಲ್ಲಿ ಹಾಗಲ್ಲ. ಮಗನು ಬರೆದ ಕೆಲವು ವಾಕ್ಯಗಳು ತಂದೆಯು ಬರೆದು ಮುಗಿಸಿದ್ದ ಪುಟಗಳ ಅರ್ಥವನ್ನೇ ಬದಲಿಸುತ್ತವೆ. ಚಂದ್ರಾಪೀಡನು ದಾರಿ ತಪ್ಪಿದನೆಂದು ಪೂರ್ವಭಾಗವು ಹೇಳಿದರೆ, ಕುದುರೆಯು ಅವನನ್ನು ಗೊತ್ತಿದ್ದೇ ಆ ದಾರಿಯಲ್ಲಿ ಕೊಂಡೊಯ್ದಿತೆಂದು ಉತ್ತರಭಾಗವು ಹೇಳುತ್ತದೆ.

ಇವನ್ನೂ ನೋಡಿ

• ಬಾಣಭಟ್ಟ
• ಕರ್ಣಾಟಕ ಕಾದಂಬರಿ
• ಒಂದನೆಯ ನಾಗವರ್ಮ
• ಕಥಾಸರಿತ್ಸಾಗರ
• ಉಚ್ಚೈಃಶ್ರವಸ್